ಹಡಗು ಹತ್ತುವ ಮೊದಲು ನೋಡಬೇಕಾದ ಮಾತ್ರೆಗಳ ಪಟ್ಟಿ

(ಹೆಸರು, ವಯಸ್ಸು, ವೃತ್ತಿ ಮತ್ತು ಕುಟುಂಬದ ಗುರುತಿನ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ.)

ಶಾರದಮ್ಮನವರಿಗೆ 61 ವರ್ಷ. ಗಣಿತದ ಶಿಕ್ಷಕಿಯಾಗಿ ನಿವೃತ್ತರಾದವರು. ಮಗ ಅಮೆರಿಕದ ಹ್ಯೂಸ್ಟನ್ನಿನಲ್ಲಿದ್ದಾನೆ. ತಂದೆತಾಯಿಯ ಮದುವೆಗೆ ನಲವತ್ತು ವರ್ಷ ತುಂಬಿತೆಂದು ಗ್ಯಾಲ್ವಸ್ಟನ್ ಬಂದರಿನಿಂದ ಹೊರಡುವ ಏಳು ರಾತ್ರಿಗಳ ಹಡಗು ಪ್ರವಾಸಕ್ಕೆ ಎಲ್ಲರ ಹೆಸರಿನಲ್ಲೂ ಹಣ ಕಟ್ಟಿದ್ದ. ಮೆಕ್ಸಿಕೋದ ಕೊಸುಮೆಲ್ ಮತ್ತು ಕೋಸ್ಟಾ ಮಾಯಾ, ಹೊಂಡುರಾಸ್‌ನ ರೊವಾಟಾನ್ ದ್ವೀಪ, ಮತ್ತೆ ಗ್ಯಾಲ್ವಸ್ಟನ್. ವೀಸಾ ಸಿಕ್ಕಿತ್ತು, ವಿಮಾನದ ಟಿಕೆಟ್ ಆಗಿತ್ತು. ಆದರೆ ತಾಯಿ ಹಡಗು ಹತ್ತುವುದಿಲ್ಲ ಎನ್ನುತ್ತಿದ್ದರು. "ನೀವೆಲ್ಲ ಹೋಗಿ ಬನ್ನಿ, ನಾನು ಮನೆ ನೋಡಿಕೊಳ್ಳುತ್ತೇನೆ" ಎಂಬುದು ಅವರ ಒಂದೇ ಮಾತು. ಆಹಾರದ ಸಲಹೆಗಾಗಿ ಮಗ ನನ್ನನ್ನು ಸಂಪರ್ಕಿಸಿದಾಗ ಕೇಳಿದ್ದು ಚಿಕ್ಕ ಕೆಲಸ: ಹಡಗಿನಲ್ಲೂ ಕೀಟೋ ಊಟ (ಪಿಷ್ಟ ತೀರಾ ಕಡಿಮೆ, ಕೊಬ್ಬು ಹೆಚ್ಚು ಇರುವ ಊಟ) ಸಿಗುತ್ತದೆ ಎಂದು ಅಮ್ಮನಿಗೆ ಒಪ್ಪಿಸಿಬಿಡಿ.

ಸಿಗುತ್ತದೆ, ನಿಜ. ಆದರೆ ಆ ಮನೆಯ ತೊಡಕು ಊಟದ ತಟ್ಟೆಯಲ್ಲಿ ಇರಲಿಲ್ಲ.

ಅವರಿಗೆ ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆ. ಎಂಟು ತಿಂಗಳ ಹಿಂದೆ ಅವರ ಅಕ್ಕನ ಬಲಗಾಲನ್ನು ಪಾದಕ್ಕಿಂತ ಮೇಲಕ್ಕೆ ಕತ್ತರಿಸಬೇಕಾಯಿತು. ಅದೇ ಕಾಯಿಲೆ, ವಾಸಿಯಾಗದ ಹುಣ್ಣು. ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನವೇ ಶಾರದಮ್ಮ ಅನ್ನ, ರಾಗಿ, ಗೋಧಿ ಎಲ್ಲವನ್ನೂ ಬಿಟ್ಟರು. ಮೊಟ್ಟೆಯನ್ನೂ ಮುಟ್ಟದ ಮನೆ. ಪನೀರ್, ತೆಂಗಿನಕಾಯಿ, ಶೇಂಗಾ, ತುಪ್ಪ, ಎಲೆಕೋಸು, ಸೊಪ್ಪು, ಇಷ್ಟರಲ್ಲೇ ದಿನಕ್ಕೆ 25 ಗ್ರಾಂ ಕಾರ್ಬೋಹೈಡ್ರೇಟಿನ (ಪಿಷ್ಟದ) ಗೆರೆ ದಾಟದಂತೆ ಬದುಕಿದರು. ಹನ್ನೊಂದು ಕಿಲೋ ಇಳಿಯಿತು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 8.9ರಿಂದ 6.4ಕ್ಕೆ ಬಂತು. ಇದು ಸಣ್ಣ ಸಾಧನೆಯಲ್ಲ. ಮೊದಲ ಭೇಟಿಯಲ್ಲಿ ನಾನು ಅದನ್ನೇ ಹೇಳಿದೆ, ಏಕೆಂದರೆ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಎಲ್ಲರೂ ಅದನ್ನು ಹಟ ಎಂದೇ ಕರೆಯುತ್ತಿದ್ದರು.

ನಂತರ, ಈ ಎಂಟು ತಿಂಗಳಲ್ಲಿ ಗೆರೆ ದಾಟಿದ್ದು ಯಾವಾಗಲಾದರೂ ಉಂಟೇ ಎಂದು ಕೇಳಿದೆ. ಸೋದರಸೊಸೆಯ ಮದುವೆಯಲ್ಲಿ ಎರಡು ಹೋಳಿಗೆ ತಿಂದಿದ್ದರು. ಮರುದಿನ ತೂಕ ಒಂದೂವರೆ ಕಿಲೋ ಏರಿತ್ತು, ಸಕ್ಕರೆ 190 ಇತ್ತು. "ಅದಕ್ಕೆ ಎರಡು ದಿನ ಬರೀ ನೀರು ಕುಡಿದು ಇದ್ದೆ" ಎಂದರು, ಏನೂ ನಡೆದಿಲ್ಲವೆಂಬಂತೆ. ಮಾತ್ರೆಗಳನ್ನು ನಿಲ್ಲಿಸಿದ್ದಿರಾ ಎಂದು ಕೇಳಿದೆ. ಇಲ್ಲ, ಮಾತ್ರೆ ತಪ್ಪಿಸುವ ಅಭ್ಯಾಸವೇ ಇಲ್ಲ ಎಂದರು. ಚೀಟಿ ತೋರಿಸಿದರು: ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಡಾಪಾಗ್ಲಿಫ್ಲೋಜಿನ್. ಕೀಟೋ ಆರಂಭಿಸಿದ್ದನ್ನು ವೈದ್ಯರಿಗೆ ತಿಳಿಸಿರಲೇ ಇಲ್ಲ; ಬಯ್ಯುತ್ತಾರೆಂಬ ಭಯ.

ಪ್ರವಾಸದ ಮಾತನ್ನು ನಾನು ಅಲ್ಲಿಗೇ ನಿಲ್ಲಿಸಿದೆ. ಇದನ್ನು ಓದುತ್ತಿರುವವರಲ್ಲಿ ಕೆಲವರ ಮನೆಯಲ್ಲೂ ಈ ಮಾತ್ರೆಗಳು ಇರುತ್ತವೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಊಟದಲ್ಲಿ ಪಿಷ್ಟವೇ ಇಲ್ಲದಿದ್ದರೂ ಅದು ತನ್ನ ಕೆಲಸ ಮಾಡುತ್ತದೆ. ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮುಂತಾದವು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಉಪಕಾರಿಯಾದ ಒಳ್ಳೆಯ ಔಷಧಗಳು ಅವು. ಆದರೆ ಅವುಗಳ ಜೊತೆಗೆ ಪಿಷ್ಟವನ್ನು ತೀರಾ ಕಡಿಮೆ ಮಾಡಿದರೆ, ಉಪವಾಸ ಬಿದ್ದರೆ, ವಾಂತಿಯಾಗಿ ಮೈಯಲ್ಲಿ ನೀರು ಕಡಿಮೆಯಾದರೆ, ರಕ್ತದಲ್ಲಿ ಕೀಟೋನ್ ಆಮ್ಲಗಳು ಅಳತೆ ಮೀರಿ ತುಂಬುವ ಕೀಟೋಆಸಿಡೋಸಿಸ್ ಬರಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2015ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಇದರ ಕೆಟ್ಟ ಗುಣವೆಂದರೆ ಗ್ಲೂಕೋಮೀಟರ್ ಸುಳಿವು ಕೊಡುವುದಿಲ್ಲ. ಸಕ್ಕರೆ 200ಕ್ಕಿಂತ ಕೆಳಗಿರುವಾಗಲೇ ಇದು ಬರಬಹುದು. ಲಕ್ಷಣಗಳೇನು? ಓಕರಿಕೆ, ವಾಂತಿ, ಹೊಟ್ಟೆನೋವು, ಸುಸ್ತು, ವೇಗದ ಉಸಿರಾಟ. ತೂಗಾಡುವ ಹಡಗಿನಲ್ಲಿ ಹೆಂಗಸೊಬ್ಬರು ವಾಂತಿ ಮಾಡಿಕೊಂಡು ಮಲಗಿದರೆ ನೋಡಿದವರು ಏನನ್ನುತ್ತಾರೆ? ಸಮುದ್ರ ಪ್ರಯಾಣದ ತಲೆಸುತ್ತು, ಮಲಗಲಿ, ಬೆಳಿಗ್ಗೆ ಸರಿಹೋಗುತ್ತದೆ ಎನ್ನುತ್ತಾರೆ. ನನಗೆ ಹೆದರಿಕೆ ಹುಟ್ಟಿಸಿದ್ದು ಆ ಬೆಳಿಗ್ಗೆಯೇ.

ಅದೇ ದಿನ ಅವರ ಒಪ್ಪಿಗೆ ಪಡೆದು ವೈದ್ಯರಿಗೆ ಪತ್ರ ಬರೆದೆ. ವೈದ್ಯರು ಬಯ್ಯಲಿಲ್ಲ. ಗ್ಲಿಮೆಪಿರೈಡನ್ನು ತಕ್ಷಣ ನಿಲ್ಲಿಸಿದರು, ಡಾಪಾಗ್ಲಿಫ್ಲೋಜಿನ್ ಬದಲು ಸಿಟಾಗ್ಲಿಪ್ಟಿನ್ ಕೊಟ್ಟರು, ಮೆಟ್‌ಫಾರ್ಮಿನ್ ಮುಂದುವರಿಸಿದರು. ಬೆರಳ ತುದಿಯ ರಕ್ತದಲ್ಲಿ ಕೀಟೋನ್ ಅಳೆಯುವ ಯಂತ್ರ ಕೊಳ್ಳಲು ಹೇಳಿದರು. ಇದು ಈ ಒಬ್ಬರಿಗೆ ಅವರ ವೈದ್ಯರು ಮಾಡಿದ ಬದಲಾವಣೆ. ಹೃದಯದ ಅಥವಾ ಮೂತ್ರಪಿಂಡದ ಕಾರಣಕ್ಕೆ ಅದೇ ಮಾತ್ರೆ ನುಂಗುತ್ತಿರುವವರ ಲೆಕ್ಕ ಬೇರೆ. ಯಾರೂ ತಾವಾಗಿ ನಿಲ್ಲಿಸಬಾರದು.

ಮುಂದಿನ ಭೇಟಿಯಲ್ಲಿ ಹೋಳಿಗೆಯ ಮಾತಿಗೆ ಮರಳಿದೆವು. ಎರಡು ಹೋಳಿಗೆಯಿಂದ ಒಂದೂವರೆ ಕಿಲೋ ಕೊಬ್ಬು ಬೆಳೆಯಲಾರದು ಎಂದು ಗಣಿತದ ಶಿಕ್ಷಕಿಗೆ ಗಣಿತದಲ್ಲೇ ತೋರಿಸಿದೆ. ಆ ಹೋಳಿಗೆಗಳ ತೂಕವೇ ಅಷ್ಟಿರುವುದಿಲ್ಲ. ಪಿಷ್ಟ ಬಿಟ್ಟವರ ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟ ಸಕ್ಕರೆ, ಕಡಿಮೆಯಾಗಿರುತ್ತದೆ. ಪಿಷ್ಟ ಮತ್ತೆ ಬಂದಾಗ ಅದು ತುಂಬಿಕೊಳ್ಳುತ್ತದೆ, ಪ್ರತಿ ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮದುವೆಯೂಟದ ಉಪ್ಪು ಇನ್ನಷ್ಟು ನೀರು ನಿಲ್ಲಿಸುತ್ತದೆ. 190ರ ಸಕ್ಕರೆಗೂ ವಿವರಣೆ ಇದೆ: ತಿಂಗಳುಗಟ್ಟಲೆ ಪಿಷ್ಟ ಕಾಣದ ದೇಹ ಒಮ್ಮೆಲೇ ಬಂದದ್ದನ್ನು ಕೆಲವು ದಿನ ಚೆನ್ನಾಗಿ ನಿಭಾಯಿಸುವುದಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದರೆ ಅಕ್ಕನ ಕಾಲು?" ಎಂದರು.

ಅವರ ಮನಸ್ಸಿನಲ್ಲಿ ಹೋಳಿಗೆಗೂ ಅಕ್ಕನ ಕಾಲಿಗೂ ನಡುವೆ ಏನೂ ಇರಲಿಲ್ಲ. ವರ್ಷಗಟ್ಟಲೆ ಹತೋಟಿ ತಪ್ಪಿದ ಸಕ್ಕರೆ, ಸ್ಪರ್ಶ ಕಳೆದುಕೊಂಡ ಪಾದ, ತಡವಾಗಿ ತೋರಿಸಿದ ಗಾಯ, ಇವೆಲ್ಲ ಅಳಿಸಿಹೋಗಿ ಒಂದು ತುತ್ತು ಮತ್ತು ಒಂದು ಗರಗಸ ಮಾತ್ರ ಉಳಿದಿದ್ದವು. ಆ ಭಯವನ್ನು ನಾನು ತೆಗೆದುಹಾಕಲು ಹೋಗಲಿಲ್ಲ; ಅಕ್ಕನ ನೋವು ಕಂಡವರಿಗೆ ಅದು ಇರಬೇಕಾದದ್ದೇ. ಆದರೆ ಅವರ ಜೀವಕ್ಕೆ ಹೋಳಿಗೆಗಿಂತ ಆ ಮಾತ್ರೆ ನುಂಗುತ್ತಾ ಮಾಡಿದ ಎರಡು ದಿನಗಳ ಪ್ರಾಯಶ್ಚಿತ್ತ ಹೆಚ್ಚು ಅಪಾಯಕಾರಿಯಾಗಿತ್ತು ಎಂದು ಸ್ಪಷ್ಟವಾಗಿ ಹೇಳಿದೆ. ಹಡಗಿಗೆ ಹೊರಡಲು ನಾನು ಇಟ್ಟ ಮೊದಲ ಷರತ್ತು ಅದೇ: ಏನೇ ತಿಂದಿರಿ, ಮರುದಿನ ಉಪವಾಸ ಕೂಡದು.

ಎರಡನೆಯ ಷರತ್ತು, ಎಷ್ಟು ತಿನ್ನಬೇಕೆಂಬುದನ್ನು ನೆಲದ ಮೇಲಿರುವಾಗಲೇ ತೀರ್ಮಾನಿಸುವುದು. ಮೊಟ್ಟೆ, ಮೀನು ತಿನ್ನುವವರಿಗೆ ಹಡಗಿನಲ್ಲಿ ಕೀಟೋ ಸುಲಭ. ಬೆಳಿಗ್ಗೆ ಆಮ್ಲೆಟ್, ರಾತ್ರಿ ಸುಟ್ಟ ಸಾಲ್ಮನ್, ಬೆಣ್ಣೆಯಲ್ಲಿ ಬಾಡಿಸಿದ ತರಕಾರಿ. ಮೊಟ್ಟೆಯಿಲ್ಲದ ಸಸ್ಯಾಹಾರಿ 25 ಗ್ರಾಂಗೆ ಅಂಟಿಕೊಂಡರೆ ವಾರವಿಡೀ ಚೀಸು, ಎಲೆ, ಆಲಿವ್. ಮಾಡಬಹುದು, ಆದರೆ ಮಾಡಬೇಕಾದ ಅಗತ್ಯ ನನಗೆ ಕಾಣಲಿಲ್ಲ. ವೈದ್ಯರ ಒಪ್ಪಿಗೆಯೊಂದಿಗೆ ದಿನಕ್ಕೆ ಸುಮಾರು 90 ಗ್ರಾಂ ಎಂದು ನಿಗದಿ ಮಾಡಿದೆವು. ಅದು ಕೀಟೋ ಅಲ್ಲ, ಆದರೆ ನಮ್ಮ ಸಾಮಾನ್ಯ ಊಟಕ್ಕೆ ಹೋಲಿಸಿದರೆ ಬಹಳ ಕಡಿಮೆ. ಹೊರಡುವ ಮೊದಲಿನ ಎರಡು ವಾರಗಳಲ್ಲಿ ಮನೆಯಲ್ಲೇ ಮೆಲ್ಲಗೆ ಏರಿಸಿ, ಊಟವಾದ ಎರಡು ಗಂಟೆಗೆ ಸಕ್ಕರೆ ನೋಡಿ, ಭಯಪಡುವಂಥದ್ದೇನೂ ಆಗಲಿಲ್ಲ ಎಂಬುದನ್ನು ಅವರೇ ಕಣ್ಣಾರೆ ಕಾಣಬೇಕೆಂದು ಹೇಳಿದೆ. ತೂಕ ಒಂದೆರಡು ಕಿಲೋ ಏರುತ್ತದೆಂದು ಮೊದಲೇ ತಿಳಿಸಿ, ಹಿಂದಿರುಗಿ ಹತ್ತು ದಿನ ತೂಕದ ಯಂತ್ರದ ಮೇಲೆ ನಿಲ್ಲಬಾರದೆಂದು ಮಾತು ತೆಗೆದುಕೊಂಡೆ.

ಹಡಗಿನ ಊಟದ ಬಗ್ಗೆ ಮಗನಿಂದ ತಿಳಿದುಕೊಂಡು ಒಂದು ದಿನದ ದಾರಿಯನ್ನು ಕಾಗದದ ಮೇಲೆ ಬರೆದೆವು. ಮೇಲಿನ ಅಂತಸ್ತಿನ ಬಫೆಗಿಂತ ಕೆಳಗಿನ ಮುಖ್ಯ ಭೋಜನಶಾಲೆ ಒಳ್ಳೆಯದೆಂಬುದು ನನ್ನ ಗಟ್ಟಿ ಅಭಿಪ್ರಾಯ. ಬಫೆಯಲ್ಲಿ ಪ್ರತಿ ಹೆಜ್ಜೆಗೂ ಬೇಕೇ ಬೇಡವೇ ಎಂದು ಮನಸ್ಸಿನೊಂದಿಗೆ ಜಗಳವಾಡಬೇಕು. ಕುಳಿತು ಹೇಳಿ ತರಿಸಿಕೊಳ್ಳುವಲ್ಲಿ ಆ ಜಗಳ ನಾಲ್ಕು ಮಾತಿನಲ್ಲಿ ಮುಗಿಯುತ್ತದೆ. ವಿಶೇಷ ಆಹಾರದ ಕೋರಿಕೆಯನ್ನು ಪ್ರಯಾಣಕ್ಕೆ ವಾರಗಳ ಮೊದಲೇ ಹಡಗಿನ ಕಂಪನಿಗೆ ಬರೆದು ತಿಳಿಸಬೇಕು, ಮೊದಲ ರಾತ್ರಿ ಮುಖ್ಯ ಪರಿಚಾರಕರ ಬಳಿ ಮತ್ತೆ ಹೇಳಬೇಕು. ಹೀಗೆ ಕೇಳಿಕೊಂಡವರಿಗೆ ಮರುದಿನದ ಪಟ್ಟಿಯನ್ನು ಹಿಂದಿನ ರಾತ್ರಿಯೇ ತೋರಿಸಿ, ಬೇಕಾದಂತೆ ಮಾಡಿಕೊಡುವ ಪದ್ಧತಿ ಹಲವು ಹಡಗುಗಳಲ್ಲಿದೆ. ದೊಡ್ಡ ಹಡಗುಗಳ ಅಡುಗೆಮನೆಗಳಲ್ಲಿ ಭಾರತೀಯ ಬಾಣಸಿಗರು ಬಹಳ ಮಂದಿ ಇದ್ದಾರೆ. ಪನೀರ್ ಪಲ್ಯ, ಬೇಳೆ, ಮೊಸರು ಕೇಳುವುದಕ್ಕೆ ಸಂಕೋಚ ಬೇಡ ಎಂದೆ. ಮೇಜಿನ ಬ್ರೆಡ್ ಬುಟ್ಟಿಯನ್ನು ಕುಳಿತ ಕೂಡಲೇ ವಾಪಸು ಕಳಿಸಿ. ಒಂದು ಪುಟ್ಟ ಬನ್ನಿನಲ್ಲೇ ಸುಮಾರು 15 ಗ್ರಾಂ ಪಿಷ್ಟ ಇರುತ್ತದೆ.

ಸಸ್ಯಾಹಾರಿಗಳಿಗೆ ಗೊತ್ತಿರಬೇಕಾದ ಕೆಲವು ಸಂಗತಿಗಳನ್ನೂ ಹೇಳಿದೆ. ಪ್ರತಿದಿನ ಸಿಗುವ ಸೀಸರ್ ಸಲಾಡ್, ಹುರಿದ ಬ್ರೆಡ್ ತುಂಡುಗಳನ್ನು ತೆಗೆಸಿದರೆ, ಕಡಿಮೆ ಪಿಷ್ಟದ್ದು, ಆದರೆ ಅದರ ಗೊಜ್ಜಿನಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು ಮತ್ತು ಮೊಟ್ಟೆ ಇರುತ್ತವೆ. ಅಸಲಿ ಪಾರ್ಮೆಸಾನ್ ಚೀಸನ್ನು ಕರುವಿನ ಜಠರದ ಕಿಣ್ವದಿಂದ ಹೆಪ್ಪು ಹಾಕುತ್ತಾರೆ. ಫ್ರೆಂಚ್ ಈರುಳ್ಳಿ ಸೂಪಿಗೆ ಸಾಮಾನ್ಯವಾಗಿ ದನದ ಮೂಳೆಯ ಸಾರು ಬಳಸುತ್ತಾರೆ. ಗಟ್ಟಿ ಸೂಪುಗಳಿಗೆ ಹಿಟ್ಟು ಸೇರಿಸಿರುತ್ತಾರೆ. ಸಲಾಡಿಗೆ ಎಣ್ಣೆ ಮತ್ತು ವಿನೆಗರ್ ಪ್ರತ್ಯೇಕವಾಗಿ ಕೇಳಿದರೆ ಗೊಜ್ಜಿನ ಅನುಮಾನ ತಪ್ಪುತ್ತದೆ. "ಸಕ್ಕರೆರಹಿತ" ಸಿಹಿತಿಂಡಿಯಲ್ಲಿ ಹೆಚ್ಚಾಗಿ ಮೈದಾ ಇರುತ್ತದೆ, ಕೆಲವದರಲ್ಲಿ ಸಕ್ಕರೆಯನ್ನು ಸ್ವಲ್ಪ ಏರಿಸುವ ಮಾಲ್ಟಿಟಾಲ್ ಕೂಡ. ಅದಕ್ಕಿಂತ ಸ್ಟ್ರಾಬೆರಿ ಮತ್ತು ಕೆನೆ ವಾಸಿ. ಬೆಳಗಿನ ತಿಂಡಿಯೇ ಕಷ್ಟ: ಸಿಹಿಯಿಲ್ಲದ ಗಟ್ಟಿ ಮೊಸರು, ಬಾದಾಮಿ, ಬಾಡಿಸಿದ ಅಣಬೆ, ಟೊಮೇಟೊ, ಅರ್ಧ ತುಂಡು ಟೋಸ್ಟ್. ಮನೆಯ ಅಡುಗೆಯನ್ನು ಹಡಗಿಗೆ ಒಯ್ಯಲು ಬಿಡುವುದಿಲ್ಲ, ಮುಚ್ಚಿದ ಪೊಟ್ಟಣಗಳಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ಬೀದಿಯ ಭಾರತೀಯ ಅಂಗಡಿಗಳಲ್ಲಿ ಹುರಿದ ಶೇಂಗಾ, ಚಟ್ನಿಪುಡಿ ಕೊಂಡರೆ ಗಟ್ಟಿ ಮೊಸರಿಗೂ ರುಚಿ ಬರುತ್ತದೆ.

ಕೊಸುಮೆಲ್‌ನಲ್ಲಿ ಗ್ವಾಕಮೋಲೆ (ಬೆಣ್ಣೆಹಣ್ಣಿನ ಗೊಜ್ಜು), ಸುಟ್ಟ ತರಕಾರಿ, ನೊಪಾಲ್ ಕಳ್ಳಿಯ ಪಲ್ಯ ಸಿಗುತ್ತವೆ; ಅಲ್ಲಿನ ಬೇಯಿಸಿ ಅರೆದ ಬೀನ್ಸ್ ಕಾಳಿನಲ್ಲಿ ಹಂದಿ ಕೊಬ್ಬು ಇರಬಹುದು, ಕೇಳಿಯೇ ತಿನ್ನಬೇಕು. ಬಿಸಿಲಲ್ಲಿ ನಡೆಯುವಾಗ ನೀರು ಮರೆಯಬಾರದು. ಮಾತ್ರೆ, ಗ್ಲೂಕೋಮೀಟರ್, ಕೀಟೋನ್ ಪಟ್ಟಿಗಳು ಕೈಚೀಲದಲ್ಲೇ ಇರಬೇಕು, ಏಕೆಂದರೆ ಬಂದರಿನಲ್ಲಿ ಕೊಟ್ಟ ದೊಡ್ಡ ಪೆಟ್ಟಿಗೆ ಕೋಣೆ ತಲುಪಲು ಗಂಟೆಗಳು ಬೇಕು. ಪ್ರಯಾಣ ವಿಮೆಯಲ್ಲಿ ಸಕ್ಕರೆ ಕಾಯಿಲೆಯನ್ನು ಮುಚ್ಚಿಡಬಾರದು. ವಾಂತಿಯಾದರೆ ಮೊದಲು ಕೀಟೋನ್ ನೋಡುವುದು, 1.5 (ಲೀಟರಿಗೆ ಮಿಲಿಮೋಲ್) ದಾಟಿದರೆ, ಅಥವಾ ನೀರೂ ನಿಲ್ಲದಿದ್ದರೆ, ನೇರ ಹಡಗಿನ ವೈದ್ಯಕೀಯ ಕೇಂದ್ರಕ್ಕೆ. ಇದನ್ನು ವೈದ್ಯರ ಸಹಿಯೊಂದಿಗೆ ಇಂಗ್ಲಿಷಿನಲ್ಲಿ ಬರೆಸಿ ಪತಿಯ ಜೇಬಿನಲ್ಲೂ ಒಂದು ಪ್ರತಿ ಇಡಿಸಿದೆ.

ಮಗನೊಂದಿಗೆ ಪ್ರತ್ಯೇಕವಾಗಿ ಮಾತನಾಡಿದೆ. "ಒಂದು ವಾರ ಬಿಟ್ಟುಬಿಡು ಅಮ್ಮಾ, ಏನೂ ಆಗುವುದಿಲ್ಲ" ಎಂಬುದು ಅವನ ಪ್ರೀತಿಯ ಮಾತು. ಆದರೆ ತಾಯಿಗೆ ಅದು, ನಿನ್ನ ಭಯಕ್ಕೆ ಬೆಲೆಯಿಲ್ಲ ಎಂದು ಕೇಳಿಸುತ್ತಿತ್ತು. ಅವರ ತಟ್ಟೆಯ ಬಗ್ಗೆ ಏಳು ದಿನ ಒಳ್ಳೆಯದನ್ನೂ ಹೇಳಬೇಡ, ಕೆಟ್ಟದ್ದನ್ನೂ ಹೇಳಬೇಡ ಎಂದೆ. ಕೇಕ್ ಕತ್ತರಿಸುವ ರಾತ್ರಿ ಬಾಯಿಗೆ ತುರುಕುವ ಸಂಭ್ರಮವೂ ಬೇಡ.

ಅವರು ಹೋದರು. ಎರಡನೆಯ ದಿನ ಅಲೆ ಜೋರಾಗಿ ವಾಂತಿಯಾಯಿತು. ಕೀಟೋನ್ 0.4 ಇತ್ತು, ತಲೆಸುತ್ತಿನ ಮಾತ್ರೆ ನುಂಗಿ, ಉಪ್ಪು ಹಾಕಿದ ನಿಂಬೆ ನೀರು ಕುಡಿದು ಸಂಜೆಗೆ ಎದ್ದರು. ವಾರ್ಷಿಕೋತ್ಸವದ ರಾತ್ರಿ ಕೇಕ್ ಮುಟ್ಟಲಿಲ್ಲ, ಬದಲಿಗೆ ಅಡುಗೆಮನೆಗೆ ಹೇಳಿಸಿ ಒಂದು ಬಟ್ಟಲು ಮೊಸರನ್ನ ತರಿಸಿಕೊಂಡರು. ತಿಂಗಳುಗಳ ನಂತರದ ಅನ್ನ. ಮರುದಿನ ಉಪವಾಸ ಮಾಡಲಿಲ್ಲ. ತೂಕದ ಮಾತು ಮಾತ್ರ ಉಳಿಸಿಕೊಳ್ಳಲಿಲ್ಲ. ಮನೆಗೆ ಬಂದ ಮರುದಿನವೇ ನೋಡಿದರು, 1.3 ಕಿಲೋ ಏರಿತ್ತು. ಆ ಬೆಳಿಗ್ಗೆ ನನಗೆ ಕರೆ ಮಾಡಿದರು, ಆಮೇಲೆ ತಿಂಡಿ ತಿಂದರು.

ಮೂರು ತಿಂಗಳ ನಂತರದ ಎಚ್‌ಬಿಎ1ಸಿ 6.6. ಈಗಲೂ ಸುಮಾರು 80 ಗ್ರಾಂಗಳಲ್ಲೇ ಇದ್ದಾರೆ, 25ಕ್ಕೆ ಮರಳಲಿಲ್ಲ. ನೆಂಟರ ಮನೆಯ ಊಟಕ್ಕೆ ಮಾತ್ರ ಇನ್ನೂ ಹೋಗುವುದಿಲ್ಲ. ಅಲ್ಲಿ ಬಡಿಸುವವರನ್ನು ತಡೆಯುವುದು ಹಡಗಿನ ಪರಿಚಾರಕರಿಗೆ ಹೇಳಿದಷ್ಟು ಸುಲಭವಲ್ಲ ಎನ್ನುತ್ತಾರೆ. ಮುಂದಿನ ತಿಂಗಳು ಸೊಸೆಯ ಸೀಮಂತವಿದೆ. ಅಕ್ಕನನ್ನೂ ಕರೆದುಕೊಂಡು ಬನ್ನಿ, ಇಬ್ಬರ ಪಾದಪರೀಕ್ಷೆ ಮಾಡಿಸಿ ಆ ಊಟದ ಬಗ್ಗೆ ಒಟ್ಟಿಗೆ ಕುಳಿತು ಮಾತನಾಡೋಣ ಎಂದಿದ್ದೇನೆ.