ಸಾಲ ಮಾಡಿ ಎಂ.ಎಸ್ಸಿ. ನರ್ಸಿಂಗ್ ಓದಲೇ?

ಪ್ರಶ್ನೆ: ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಮಡಿಕೇರಿಯಲ್ಲಿ 3 ವರ್ಷದಿಂದ ವಾರ್ಡ್ ಕೆಲಸದಲ್ಲಿದ್ದೇನೆ. ಪಾಠ ಹೇಳುವ ಆಸೆ. ಅಪ್ಪ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ಮುಂದೆ ಓದಲು ದುಡ್ಡಿಲ್ಲ. ಏನು ಮಾಡಲಿ ಮೇಡಂ?
– ಓದುಗರು, ಸೋಮವಾರಪೇಟೆ

ಉತ್ತರ: ಖಂಡಿತ ಓದಮ್ಮ. ನನ್ನ ಮೊದಲ ಫೀಸು ಕಟ್ಟಿದ್ದು ಅವ್ವ ಕರಿಮೆಣಸು ಮಾರಿದ ದುಡ್ಡಲ್ಲಿ. ಆಮೇಲೆ 26 ವರ್ಷ ಪಾಠ ಹೇಳಿದೆ. ಕೋರ್ಸು 2 ವರ್ಷ. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕು. 4 ಲಕ್ಷದವರೆಗೆ ಸಾಮಾನ್ಯವಾಗಿ ಮನೆ, ಜಾಗ ಅಡ ಇಡಬೇಕಿಲ್ಲ, ಅಪ್ಪನ ಸಹಿ ಸಾಕು. ಅಮೆರಿಕದಲ್ಲಿ ನರ್ಸಿಂಗ್ ಟೀಚರ್ ಆಗಲು ಓದುವವರಿಗೆಂದೇ ಸರ್ಕಾರದ ಸಾಲ ಯೋಜನೆಯಿದೆ. ಓದು ಮುಗಿಸಿ 4 ವರ್ಷ ನರ್ಸಿಂಗ್ ಪಾಠ ಹೇಳಿದರೆ ಶೇ 85ರವರೆಗೆ ಮನ್ನಾ. ನಮ್ಮಲ್ಲೂ ಅಂಥದ್ದು ಬೇಕು, ಅಲ್ವಾ? ರಾತ್ರಿ ಪಾಳಿ ಮಾಡಿದವಳ ಪಾಠವೇ ಬೇರೆ. ಅನುಭವದ ಪತ್ರವನ್ನು ಈಗಲೇ ಬರೆಸಿಕೋ.