ಹೊಸ ಮನೆಯ ಗೋಡೆಗಳಿಗೆ ಚಿತ್ರಗಳನ್ನು ಹೇಗೆ ಆರಿಸುವುದು, ಯಾವ ಎತ್ತರದಲ್ಲಿ ಹಾಕುವುದು?

ಸೋಫಾದ ಬಣ್ಣಕ್ಕೆ ಒಪ್ಪುವ ಮೂರು ಸಣ್ಣ ಚಿತ್ರಗಳನ್ನು ತಂದು ಹಾಕಿದ್ದೀರಿ, ಆದರೆ ಅವು ಗೋಡೆಯ ಮೇಲೆ ಎಲ್ಲೋ ತೇಲುತ್ತಿರುವಂತೆ ಕಾಣುತ್ತವೆ, ಉಳಿದ ಗೋಡೆಗಳು ಇನ್ನೂ ಖಾಲಿಯಾಗಿವೆ, ಮುಂದೇನು ಮಾಡಬೇಕು ಎಂದು ಕೇಳಿದ್ದೀರಿ. ನಾನು ಕಲಾವಿದನಲ್ಲ; ಇಪ್ಪತ್ತು ವರ್ಷಗಳಿಂದ ಚಿತ್ರಗಳನ್ನು ಕೊಂಡು, ಹಾಕಿ, ಇಳಿಸಿ, ಮತ್ತೆ ಹಾಕಿ ಕಲಿತವನು. ನಿಮ್ಮ ತೊಂದರೆಯ ಒಂದು ಭಾಗ ಎತ್ತರಕ್ಕೆ ಸಂಬಂಧಿಸಿದ್ದು, ಅದನ್ನು ಒಂದು ಮಧ್ಯಾಹ್ನದಲ್ಲಿ ಸರಿಪಡಿಸಬಹುದು. ಆಯ್ಕೆಗೆ ಮಾತ್ರ ಸಮಯ ಬೇಕು, ಅದಕ್ಕೆ ಅವಸರ ಮಾಡಬೇಡಿ.

ಮೊದಲು ಎತ್ತರದ ಮಾತು. ಬಹಳಷ್ಟು ಮನೆಗಳಲ್ಲಿ ಚಿತ್ರಗಳು ಇರಬೇಕಾದುದಕ್ಕಿಂತ ಮೇಲಿರುತ್ತವೆ, ಏಕೆಂದರೆ ಮೊಳೆ ಹೊಡೆಯುವಾಗ ನಾವು ನಿಂತಿರುತ್ತೇವೆ ಮತ್ತು ಸೋಫಾಕ್ಕೂ ಚಾವಣಿಗೂ ನಡುವಿನ ಖಾಲಿ ಜಾಗದ ಮಧ್ಯವನ್ನು ಹುಡುಕುತ್ತೇವೆ. ಕಲಾ ಗ್ಯಾಲರಿಗಳಲ್ಲಿ ಸಾಮಾನ್ಯವಾಗಿ ಚಿತ್ರದ ನಡುಬಿಂದು ನೆಲದಿಂದ ಸುಮಾರು 145ರಿಂದ 155 ಸೆಂಟಿಮೀಟರ್ ಎತ್ತರದಲ್ಲಿರುವಂತೆ ನೋಡಿಕೊಳ್ಳುತ್ತಾರೆ. ಅದು ನಿಂತು ನೋಡುವವರ ಕಣ್ಣಿನ ಮಟ್ಟ. ಹಜಾರದಂಥ ಕುಳಿತುಕೊಳ್ಳುವ ಜಾಗದಲ್ಲಿ ಅದಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗಿಳಿಸಿದರೂ ತಪ್ಪಿಲ್ಲ. ಸೋಫಾದ ಮೇಲಾದರೆ ಚೌಕಟ್ಟಿನ ಕೆಳಅಂಚು ಸೋಫಾದ ಒರಗಿನಿಂದ 15ರಿಂದ 20 ಸೆಂಟಿಮೀಟರ್ ಮಾತ್ರ ಮೇಲಿರಲಿ. ಆಗ ಎರಡೂ ಒಟ್ಟಿಗೆ ಸೇರಿದ ವಸ್ತುಗಳಂತೆ ಕಾಣುತ್ತವೆ, ತೇಲುವ ಭಾವನೆ ಹೋಗುತ್ತದೆ.

ನಿಮ್ಮ ಮೂರು ಚಿತ್ರಗಳನ್ನು ದೂರ ದೂರ ಹಾಕಿರುವುದೂ ಒಂದು ಕಾರಣವಿರಬಹುದು. ಅವುಗಳನ್ನು ಒಂದೇ ದೊಡ್ಡ ಚಿತ್ರವೆಂದು ಭಾವಿಸಿ, ನಡುವೆ 5ರಿಂದ 8 ಸೆಂಟಿಮೀಟರ್ ಅಂತರವಿಟ್ಟು ಹತ್ತಿರ ತನ್ನಿ. ಇಡೀ ಗುಂಪಿನ ಅಗಲ ಸೋಫಾದ ಅಗಲದ ಮೂರನೇ ಎರಡು ಭಾಗದಷ್ಟಾದರೆ ಕಣ್ಣಿಗೆ ಹಿತ. ಗೋಡೆಗೆ ತೂತು ಹಾಕುವ ಮುಂಚೆ, ಹಳೆಯ ಪತ್ರಿಕೆಯ ಹಾಳೆಗಳನ್ನು ಚೌಕಟ್ಟುಗಳ ಅಳತೆಗೆ ಕತ್ತರಿಸಿ, ಬಣ್ಣ ಕೀಳದ ಟೇಪಿನಿಂದ ಗೋಡೆಗೆ ಅಂಟಿಸಿ ನಾಲ್ಕು ದಿನ ಬಿಡಿ. ಬೆಳಿಗ್ಗೆ, ರಾತ್ರಿ ದೀಪದ ಬೆಳಕಿನಲ್ಲಿ, ಬಾಗಿಲಿನಿಂದ ಒಳಗೆ ಬರುವಾಗ, ಕುಳಿತಾಗ ಅದನ್ನು ನೋಡುತ್ತಾ ಹೋದರೆ ಎಲ್ಲಿ ಸರಿಯಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ನಾನು ಇಂದಿಗೂ ಇದನ್ನು ತಪ್ಪಿಸುವುದಿಲ್ಲ.

ಇನ್ನು ಆಯ್ಕೆ. ಸೋಫಾದ ಬಣ್ಣವನ್ನು ನೋಡಿ ಚಿತ್ರ ಕೊಳ್ಳಬೇಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ಸೋಫಾ ಹತ್ತು ವರ್ಷದಲ್ಲಿ ಸವೆದು ಹೊರಗೆ ಹೋಗುತ್ತದೆ. ಮನಸ್ಸಿಗೆ ಹತ್ತಿರವಾದ ಚಿತ್ರ ಮೂರು ಮನೆ ಬದಲಾಯಿಸಿದರೂ ಜೊತೆಗೆ ಬರುತ್ತದೆ. ಒಂದು ಚಿತ್ರ ಇಷ್ಟವಾದಾಗ ನಾನು ಅದನ್ನು ತಕ್ಷಣ ಕೊಳ್ಳುವುದಿಲ್ಲ. ಒಂದು ವಾರ ಕಳೆದ ಮೇಲೆ, ನೋಡದೆಯೇ ಅದರ ಯಾವ ಮೂಲೆ ನೆನಪಿಗೆ ಬರುತ್ತದೆ ಎಂದು ಕೇಳಿಕೊಳ್ಳುತ್ತೇನೆ. ಒಂದು ಕಿಟಕಿಯ ಬೆಳಕೋ, ಒಬ್ಬಾಕೆಯ ಕತ್ತಿನ ಬಾಗೋ, ಬರಿಯ ಒಂದು ಕೆಂಪು ಗೆರೆಯೋ ಮನಸ್ಸಿನಲ್ಲಿ ಉಳಿದಿದ್ದರೆ ಹೋಗಿ ಮತ್ತೊಮ್ಮೆ ನೋಡುತ್ತೇನೆ. ‘ಚೆನ್ನಾಗಿತ್ತು’ ಎಂಬುದಷ್ಟೇ ಉಳಿದಿದ್ದರೆ ಬಿಟ್ಟುಬಿಡುತ್ತೇನೆ.

ಇದರ ಜೊತೆಗೆ ನೋಡುವ ದೂರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಹೆಚ್ಚಿನವರು ಮರೆಯುವುದು ಇದನ್ನೇ. ಸೂಕ್ಷ್ಮ ಗೆರೆಗಳ ಎಚ್ಚಿಂಗ್ (ಲೋಹದ ತಗಡಿನ ಮೇಲೆ ಗೆರೆ ಕೊರೆದು ಒತ್ತಿದ ಮುದ್ರಣ) ಅಥವಾ ಪುಟ್ಟ ಪೆನ್ಸಿಲ್ ಚಿತ್ರ ಎರಡು ಅಡಿ ದೂರದಿಂದ ಮಾತ್ರ ಮಾತನಾಡುತ್ತದೆ. ಅದನ್ನು ಹಜಾರದ ದೊಡ್ಡ ಗೋಡೆಯಲ್ಲಿ ಹಾಕಿದರೆ ಬೂದು ಬಣ್ಣದ ಚೌಕವಾಗಿ ಉಳಿಯುತ್ತದೆ. ಅಂಥವು ಓದುವ ಮೇಜಿನ ಪಕ್ಕದಲ್ಲಿ, ನಡೆದುಹೋಗುವ ಇಕ್ಕಟ್ಟಾದ ಓಣಿಯಲ್ಲಿ, ಹಾಸಿಗೆಯ ಬದಿಯಲ್ಲಿ ಇರಬೇಕು. ಅಗಲವಾದ ಬಣ್ಣದ ಹರವಿರುವ, ದಪ್ಪ ಆಕಾರಗಳ ಚಿತ್ರವನ್ನು ಕೋಣೆಯ ಆ ತುದಿಯಿಂದ ನೋಡುವ ಗೋಡೆಗೆ ಹಾಕಿ. ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ: ಕೈಯಿಂದ ಬರೆದ ಒಂದೇ ಒಂದು ಚಿತ್ರವೇ ಆಗಬೇಕೆಂದು ಹಿಂಜರಿಯಬೇಕಿಲ್ಲ. ಮರದ ಹಲಗೆಯಲ್ಲಿ ಕೆತ್ತಿ ಒತ್ತಿದ ಮರದಚ್ಚು, ಕಲ್ಲಿನ ಮೇಲೆ ಬರೆದು ಒತ್ತಿದ ಲಿಥೊಗ್ರಾಫ್‌ಗಳಂಥ ಮುದ್ರಣಕೃತಿಗಳಲ್ಲಿ ಕೆಳಗೆ ಪೆನ್ಸಿಲ್‌ನಿಂದ 7/50 ಎಂದು ಬರೆದಿದ್ದರೆ, ಐವತ್ತು ಪ್ರತಿಗಳಲ್ಲಿ ಅದು ಏಳನೆಯದು ಎಂದರ್ಥ. ಕಲಾವಿದರೇ ರೂಪಿಸಿ ಸಹಿ ಹಾಕಿದ ಅಂಥ ಪ್ರತಿಗಳು ಸ್ವತಃ ಮೂಲಕೃತಿಗಳೇ, ಬೆಲೆ ಮಾತ್ರ ಕಡಿಮೆ.

ಬೆಳಕಿನ ವಿಷಯದಲ್ಲಿ ಕಠಿಣವಾಗಿರಿ. 1888ರಲ್ಲಿ ಡಚ್ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ ತಮ್ಮ ಮಲಗುವ ಕೋಣೆಯನ್ನು ಚಿತ್ರಿಸಿದಾಗ ಅದರ ಗೋಡೆಗಳು ತಿಳಿ ನೇರಳೆ ಎಂದು ಪತ್ರದಲ್ಲಿ ಬರೆದಿದ್ದರು. ಇಂದು ಆ ಚಿತ್ರದಲ್ಲಿ ಕಾಣುವ ಗೋಡೆಗಳು ನೀಲಿ, ಏಕೆಂದರೆ ನೇರಳೆಯೊಳಗಿದ್ದ ಕೆಂಪು ಬೆಳಕಿಗೆ ಮಾಸಿಹೋಗಿದೆ. ತೈಲವರ್ಣದ ಗತಿಯೇ ಹೀಗಾದರೆ ಕಾಗದದ ಮೇಲಿನ ಜಲವರ್ಣದ್ದು ಇನ್ನೂ ಸೂಕ್ಷ್ಮ. ಅದಕ್ಕಾಗಿಯೇ ವಸ್ತುಸಂಗ್ರಹಾಲಯಗಳು ಅಂಥ ಕೃತಿಗಳ ಮೇಲೆ ಬೀಳುವ ಬೆಳಕನ್ನು (ಅದನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ) 50 ಲಕ್ಸ್‌ನ ಆಸುಪಾಸಿನಲ್ಲಿ ಇಡುತ್ತವೆ. ಮನೆಯಲ್ಲಿ ಅಷ್ಟು ಮಂದ ಬೆಳಕಿನಲ್ಲಿ ಬದುಕಲಾಗದು, ಆದರೆ ನೇರ ಬಿಸಿಲು ಬೀಳುವ ಗೋಡೆಯನ್ನು ಬಿಟ್ಟುಬಿಡಬಹುದು. ಅತಿನೇರಳೆ ಕಿರಣ ತಡೆಯುವ ಗಾಜು ನೆರವಾಗುತ್ತದೆ. ಆದರೂ ಕಣ್ಣಿಗೆ ಕಾಣುವ ಬೆಳಕಿನಿಂದಲೂ ಬಣ್ಣ ಮಾಸುವುದರಿಂದ ಅದನ್ನೊಂದನ್ನೇ ನಂಬಬೇಡಿ.

ಚೌಕಟ್ಟು ಹಾಕಿಸುವಾಗ ಚಿತ್ರದ ಸುತ್ತಲಿನ ಮೌಂಟ್ (ಚಿತ್ರಕ್ಕೂ ಚೌಕಟ್ಟಿಗೂ ನಡುವಿನ ರಟ್ಟಿನ ಅಂಚು) ಮತ್ತು ಹಿಂದಿನ ರಟ್ಟು ಎರಡೂ ಆಮ್ಲರಹಿತವೇ ಎಂದು ಬಾಯಿಬಿಟ್ಟು ಕೇಳಿ. ನಾನು ಕೇಳಲಿಲ್ಲ. ಗೆಳೆಯನೊಬ್ಬ ಬರೆದುಕೊಟ್ಟ ಜಲವರ್ಣವೊಂದನ್ನು ಒಂದು ಅಂಗಡಿಯಲ್ಲಿ ಅಗ್ಗದ ರಟ್ಟಿನೊಂದಿಗೆ ಕಟ್ಟಿಸಿದ್ದೆ. ಎಂಟು ವರ್ಷದ ನಂತರ ತೆರೆದಾಗ ಮೌಂಟಿನ ಅಂಚಿನುದ್ದಕ್ಕೂ ಕಾಗದ ಕಂದುಬಣ್ಣಕ್ಕೆ ತಿರುಗಿತ್ತು. ಮರದ ತಿರುಳಿನ ಅಗ್ಗದ ರಟ್ಟಿನಲ್ಲಿ ಉಳಿಯುವ ಲಿಗ್ನಿನ್ ಎಂಬ ಮರದ ಸಹಜ ಅಂಶ ಕಾಲಕ್ರಮೇಣ ಆಮ್ಲವನ್ನು ಬಿಡುತ್ತದೆ, ಅದು ಚಿತ್ರವನ್ನು ಸುಡುತ್ತದೆ. ಗೆಳೆಯ ಈಗಿಲ್ಲ, ಆ ಕಲೆ ಹೋಗುವುದೂ ಇಲ್ಲ.

ಇನ್ನು ತೂಗುಹಾಕುವ ಕೆಲಸ. ಚೌಕಟ್ಟಿನ ಹಿಂದಿನ ತಂತಿಯನ್ನು ಬಿಗಿಯಾಗಿ, ಮಟ್ಟಸವಾಗಿ ಎಳೆದು ಕಟ್ಟಬೇಡಿ. ಒಂದೇ ಕೊಕ್ಕೆಗೆ ತೂಗಿದಾಗ ತಂತಿ ಅಡ್ಡರೇಖೆಗೆ 30 ಡಿಗ್ರಿ ಓರೆಯಲ್ಲಿದ್ದರೆ ಅದರ ಮೇಲಿನ ಎಳೆತ ಚಿತ್ರದ ತೂಕದಷ್ಟೇ ಇರುತ್ತದೆ. 15 ಡಿಗ್ರಿಗೆ ಇಳಿದರೆ ಎಳೆತ ತೂಕದ ಎರಡು ಪಟ್ಟಿನ ಹತ್ತಿರ ಹೋಗುತ್ತದೆ. ಭಾರವಾದ ಚಿತ್ರಕ್ಕೆ ಎರಡು ಕೊಕ್ಕೆ ಬಳಸಿದರೆ ಹೊರೆ ಹಂಚಿಹೋಗುವುದಲ್ಲದೆ ಚಿತ್ರ ಪಕ್ಕಕ್ಕೆ ವಾಲುವುದೂ ತಪ್ಪುತ್ತದೆ. ಇಟ್ಟಿಗೆ ಗೋಡೆಯಾದರೆ ತೂತು ಗಾರೆಯನ್ನು ದಾಟಿ ಇಟ್ಟಿಗೆಯೊಳಗೆ ಹೋಗಲಿ, ಪ್ಲಾಸ್ಟಿಕ್ ಪ್ಲಗ್ ಅಲ್ಲಿ ಕೂರಲಿ. ಬರೀ ಗಾರೆಗೆ ಹೊಡೆದ ಮೊಳೆ ಇಂದಲ್ಲ ನಾಳೆ ಕಿತ್ತು ಬರುತ್ತದೆ. ಸ್ವಿಚ್ಚು, ಸಾಕೆಟ್ಟುಗಳ ನೇರ ಮೇಲೆ ಅಥವಾ ಕೆಳಗೆ ಎಂದೂ ಕೊರೆಯಬೇಡಿ, ವಿದ್ಯುತ್ ತಂತಿಗಳು ಹೆಚ್ಚಾಗಿ ಆ ದಾರಿಯಲ್ಲೇ ಸಾಗಿರುತ್ತವೆ. ಕೊಕ್ಕೆಯ ಎತ್ತರವನ್ನು ಹೀಗೆ ಲೆಕ್ಕ ಹಾಕಿ: ನಡುಬಿಂದುವಿನ ಎತ್ತರಕ್ಕೆ ಚೌಕಟ್ಟಿನ ಅರ್ಧ ಎತ್ತರವನ್ನು ಕೂಡಿಸಿ, ತಂತಿಯನ್ನು ಮೇಲಕ್ಕೆ ಎಳೆದಾಗ ಅದಕ್ಕೂ ಚೌಕಟ್ಟಿನ ಮೇಲಂಚಿಗೂ ಇರುವ ಅಂತರವನ್ನು ಕಳೆಯಿರಿ. 60 ಸೆಂಟಿಮೀಟರ್ ಎತ್ತರದ ಚಿತ್ರದ ನಡು 145ರಲ್ಲಿ ಇರಬೇಕು, ತಂತಿ ಮೇಲಂಚಿನಿಂದ 8 ಸೆಂಟಿಮೀಟರ್ ಕೆಳಗಿದೆ ಎಂದಾದರೆ, ಕೊಕ್ಕೆ ನೆಲದಿಂದ 167 ಸೆಂಟಿಮೀಟರ್‌ನಲ್ಲಿ ಬರುತ್ತದೆ.

ಚೌಕಟ್ಟಿನ ಕೆಳಮೂಲೆಗಳ ಹಿಂದೆ ಚಿಕ್ಕ ರಬ್ಬರ್ ಗುಬುಟುಗಳನ್ನು ಅಂಟಿಸಿದರೆ ಗಾಳಿ ಆಡಿ ತೇವ ನಿಲ್ಲುವುದಿಲ್ಲ, ಆದರೆ ಒಸರುವ ಗೋಡೆಗೆ ಮಾತ್ರ ಯಾವ ಚಿತ್ರವನ್ನೂ ಹಾಕಬೇಡಿ. ನಿಮ್ಮ ಮೂರು ಚಿತ್ರಗಳನ್ನು ಕೆಳಗಿಳಿಸಿದ ಮೇಲೆ ಮೇಲಿನ ಹಳೆಯ ತೂತುಗಳನ್ನು ಪುಟ್ಟಿಯಿಂದ ಮುಚ್ಚಿ, ಒಣಗಿದ ನಂತರ ಉಜ್ಜಿ, ಗೋಡೆಯ ಬಣ್ಣವನ್ನು ಒಂದು ಚಿಕ್ಕ ಕುಂಚದಲ್ಲಿ ಹಚ್ಚಿ. ಉಳಿದ ಗೋಡೆಗಳು ಸದ್ಯಕ್ಕೆ ಖಾಲಿಯೇ ಇರಲಿ.