ಅಪ್ಪೆಮಿಡಿ ಲೇಬಲ್ಲಿಗೆ ಬಾಲೂ ತಮ್ಮ

ಶಿರಸಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾರ್ತೀರಿ, ಬಾಟಲಿ ಲೇಬಲ್ ಪೂರ್ತಿ ‘ಬಾಲೂ ತಮ್ಮ’ ಫಾಂಟಿನಲ್ಲೇ ಮಾಡಿಸಬಹುದಾ ಅಂತ ಕೇಳಿದ್ದೀರಿ. ಹೆಸರಿಗೆ ಧಾರಾಳವಾಗಿ ಹಾಕಿ. ಪೂರ್ತಿ ಬೇಡ ಮಾರಾಯ್ರೆ.

ಕನ್ನಡ ಅಕ್ಷರ ಮೊದಲೇ ದುಂಡಗೆ. ಫಾಂಟು ತಯಾರಿಸುವ ಏಕ್ ಟೈಪ್ ಸಂಸ್ಥೆಯವರು ಈ ಫಾಂಟಿನಲ್ಲಿ ತಲೆಕಟ್ಟಿನ ತುದಿಯನ್ನೂ ಮೊಂಡು ಮಾಡಿ, ಗೆರೆಗೆ ಮೈ ತುಂಬಿಸಿದ್ದಾರೆ. ಹಾಗಾಗಿ ಅಂಗಡಿ ಬೋರ್ಡು, ಜಾತ್ರೆ ಬ್ಯಾನರು, ಮಕ್ಕಳ ಪುಸ್ತಕದ ಮುಖಪುಟ ಇಂಥದ್ದಕ್ಕೆಲ್ಲ ಚೆಂದ. ದೂರದಿಂದಲೇ ನಗ್ತಾ ಕರೀತದೆ. ಆದರೆ ಗೆರೆ ದಪ್ಪಗಾದಷ್ಟೂ ಅಕ್ಷರದೊಳಗಿನ ಖಾಲಿ ಜಾಗ ಕಮ್ಮಿ. ನಾನು ಒಮ್ಮೆ ಕೋಕಂ ಬಾಟಲಿಗೆ ಸಾಮಗ್ರಿ ಪಟ್ಟಿಯನ್ನೂ ದಪ್ಪದಲ್ಲೇ ಹಾಕಿಸಿದ್ದೆ. ಶಾಯಿ ಹರಡಿ ‘ಉಪ್ಪು’ವಿನ ಒತ್ತು ಬರೀ ಮಸಿಯ ಮುದ್ದೆ, ‘ಷ’ದ ಹೊಟ್ಟೆಯೊಳಗಿನ ಗೀಟು ಮಾಯ! ಸಣ್ಣಕ್ಷರಕ್ಕೆ ‘ನೋಟೋ ಸಾನ್ಸ್ ಕನ್ನಡ’ ಫಾಂಟು ಸಾಕು. ಒಂದೇ ಫಾಂಟು ಕುಟುಂಬ ಬೇಕೆಂದರೆ ‘ಬಾಲೂ ತಮ್ಮ 2’ರಲ್ಲಿ 400ರಿಂದ 800ರವರೆಗೆ 5 ತೂಕ, ಅಂದರೆ ಗೆರೆಯ ದಪ್ಪದ ಹಂತ, ಇದೆ, ತೆಳ್ಳಗಿನದು ಹಾಕಿ.

ದುಡ್ಡು ಕೊಡಬೇಕಿಲ್ಲ, ಮುಕ್ತ ಪರವಾನಗಿಯದು, ವ್ಯಾಪಾರಕ್ಕೂ ಬಳಸಬಹುದು. ಇದು ಯೂನಿಕೋಡ್ ಫಾಂಟು, ಅಂದರೆ ಎಲ್ಲ ಕಡೆ ಒಂದೇ ಅಕ್ಷರ ಸಂಕೇತ ಬಳಸುವಂಥದ್ದು. ಡಿಟಿಪಿಯವರದ್ದು ಹಳೇ ಸಾಫ್ಟ್‌ವೇರ್ ಆದರೆ ಒತ್ತಕ್ಷರ ಒಡೆದುಹೋಗ್ತದೆ. ಮನೆಯಲ್ಲೇ ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಬರೆದು, ಅಕ್ಷರಗಳನ್ನು ಪಾಥ್ (ಬರೀ ಆಕಾರದ ಗೆರೆ) ಮಾಡಿ, ಪಿಡಿಎಫ್ ಕೊಟ್ಟುಬಿಡಿ. ಅಂದಹಾಗೆ, ಈ ಸಲದ ಮಿಡಿ ಹೇಗಿದೆ?